ಮುದ್ದೆ ನುಂಗುವವರ ಗಂಟಲು ನೋಡುತ್ತಾ

"ಏನ್ ಸಾರ್, ಆಗ್ಲಿಂದ ನೋಡ್ತಾನೇ ಇದ್ದೀರಾ? ತಿನ್ನೋರನ್ನ ಕಂಡಿಲ್ವಾ?"

ಗೌರಿಬಿದನೂರು ಬಸ್ ಸ್ಟ್ಯಾಂಡ್ ಹತ್ತಿರದ ಮುದ್ದೆ ಹೋಟೆಲಿನಲ್ಲಿ ಎದುರಿಗೆ ಕೂತಿದ್ದವರೊಬ್ಬರು ಹಾಗೆ ಕೇಳಿದರು. ಅವರು ಹೇಳಿದ್ದು ನಿಜ. ನಾನು ನೋಡುತ್ತಿದ್ದೆ. ತಟ್ಟೆಯನ್ನಲ್ಲ, ಮುಖವನ್ನೂ ಅಲ್ಲ. ಗಂಟಲನ್ನು. ತುತ್ತು ಬಾಯಿಗೆ ಹೋದ ಮೇಲೆ ಅವರ ಗಂಟಲಿನ ಗಂಟು ಯಾವಾಗ ಮೇಲೆ ಹೋಗುತ್ತೆ, ಯಾವಾಗ ಕೆಳಗೆ ಬರುತ್ತೆ ಅಂತ ಗಮನವಿಟ್ಟು ನೋಡುತ್ತಿದ್ದೆ.

"ಇಲ್ಲ ಸಾರ್, ಸುಮ್ನೆ..." ಅಂದೆ.

"ಸುಮ್ನೆ ನೋಡಿದ್ರೂ ಹೊಟ್ಟೆನೋವು ಬರುತ್ತೆ ಸಾರ್," ಅಂದವರೇ ತಟ್ಟೆ ಎತ್ತಿಕೊಂಡು ಇನ್ನೊಂದು ಟೇಬಲ್ಲಿಗೆ ಹೋಗಿ, ನನಗೆ ಬೆನ್ನು ಹಾಕಿ ಕೂತರು. ಊಟದ ಮೇಲೆ ಕಣ್ಣು ಹಾಕಿದ ಆರೋಪ! ಮನೆಗೆ ಹೋಗಿ ದೃಷ್ಟಿ ತೆಗೆಸಿಕೊಂಡಿದ್ದರೂ ಆಶ್ಚರ್ಯವಿಲ್ಲ.

ಕೆಲವು ತಿಂಗಳಿಂದ ಪತ್ರಿಕೆಯಲ್ಲಿ ನನ್ನ ಅಂಕಣ ಇರಲಿಲ್ಲ. ‘ಬರೆಯೋದು ಬಿಟ್ರಾ?’ ಅಂತ ಕೇಳಿದವರಿಗೆಲ್ಲ ‘ಫ್ಯಾಕ್ಟರಿಯಲ್ಲಿ ಕೆಲಸ ಜಾಸ್ತಿ’ ಅಂತ ಹೇಳಿ ತಪ್ಪಿಸಿಕೊಂಡಿದ್ದೆ. (ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಪೈಪು, ಪಂಪು, ವಾಲ್ವುಗಳ ಮೇಂಟೆನೆನ್ಸ್ ನೋಡಿಕೊಳ್ಳುವವನು ನಾನು. ಹಳೇ ಓದುಗರಿಗೆ ಗೊತ್ತು, ಹೊಸಬರಿಗೆ ಹೇಳಿದೆ.) ನಿಜವಾದ ಕಾರಣ ಬೇರೆ. ನನ್ನ ಹೆಂಡತಿ ಸುಜಾತಾಳಿಗೆ ನಾಲಿಗೆಯ ಕ್ಯಾನ್ಸರ್ ಆಗಿತ್ತು.

ಇದನ್ನು ಬರೆಯಬಹುದಾ ಅಂತ ಅವಳನ್ನೇ ಕೇಳಿದೆ. "ಬರೀರಿ. ಆದ್ರೆ ಪಾಪ ಪಾಪ ಅಂತ ಬರೀಬೇಡಿ," ಅಂದಳು. ಆದ್ದರಿಂದ ಓದುಗರೂ ದಯವಿಟ್ಟು ಲೊಚಗುಟ್ಟಬೇಡಿ. (ಅವಳ ಮಾತು ಈಗ ಸ್ವಲ್ಪ ತೊದಲು. ನಾನು ಸರಿ ಮಾಡಿ ಬರೆಯುತ್ತಿದ್ದೇನೆ. ಅದೂ ಅವಳದ್ದೇ ಅಪ್ಪಣೆ.)

ಶುರುವಾಗಿದ್ದು ಹಲ್ಲಿನಿಂದ. ಎಡಗಡೆಯ ದವಡೆ ಹಲ್ಲೊಂದು ಮುರಿದು ಚೂಪಾಗಿ, ನಾಲಿಗೆಯ ಪಕ್ಕಕ್ಕೆ ಉಜ್ಜುತ್ತಿತ್ತು. ಅಲ್ಲೊಂದು ಹುಣ್ಣಾಯಿತು. ಜೇನುತುಪ್ಪ ಹಚ್ಚಿದ್ದಾಯಿತು, ಕೊಬ್ಬರಿ ಎಣ್ಣೆ ಆಯಿತು, ಮೆಡಿಕಲ್ ಸ್ಟೋರಿನ ಜೆಲ್, ಬಿ ಕಾಂಪ್ಲೆಕ್ಸ್ ಮಾತ್ರೆ, ಎಲ್ಲ ಆಯಿತು. ಹುಣ್ಣು ಜಪ್ಪಯ್ಯ ಅನ್ನಲಿಲ್ಲ. ಹಲ್ಲು ಕೀಳಿಸೋಣ ಅಂತ ಚಿಕ್ಕಬಳ್ಳಾಪುರಕ್ಕೆ ಹೋದರೆ ಡೆಂಟಿಸ್ಟ್ ಹಲ್ಲು ಬಿಟ್ಟು ನಾಲಿಗೆಯನ್ನೇ ನೋಡುತ್ತಾ ಕೂತರು. ಆಮೇಲೆ ಒಂದು ಚೂರು ತೆಗೆದು ಟೆಸ್ಟು, ಸ್ಕ್ಯಾನು, ಬೆಂಗಳೂರಿನ ಆಸ್ಪತ್ರೆ.

ನೋಡಲು ಬಂದವರ ಮೊದಲ ಪ್ರಶ್ನೆ ಒಂದೇ. "ಎಲೆ ಅಡಿಕೆ ಹಾಕ್ತಿದ್ರಾ? ಹೊಗೆಸೊಪ್ಪು?" ಇಲ್ಲ ಅಂದರೆ ನಂಬಿಕೆಯಿಲ್ಲ. ಒಬ್ಬರಂತೂ ನನ್ನನ್ನು ಪಕ್ಕಕ್ಕೆ ಕರೆದು, "ನಿಮಗೆ ಗೊತ್ತಿಲ್ದಂಗೆ?" ಅಂತ ಕೇಳಿದರು. ಕಾಯಿಲೆಗೆ ರೋಗಿಯ ತಪ್ಪೊಂದು ಸಿಕ್ಕಿಬಿಟ್ಟರೆ ಉಳಿದವರಿಗೆ ಎಷ್ಟು ನೆಮ್ಮದಿ ಅಲ್ಲವಾ? ನಾವು ಆ ತಪ್ಪು ಮಾಡಿಲ್ಲ, ನಮಗೆ ಬರಲ್ಲ! (ತಂಬಾಕು ಹಾಕುವವರಿಗೆ ಅಪಾಯ ಹೆಚ್ಚು ಅನ್ನುವುದೇನೋ ನಿಜ. ಆದರೆ ಬಾಯಲ್ಲಿ ವಾರಗಟ್ಟಲೆ ಮಾಯದ ಹುಣ್ಣಿದ್ದರೆ, ಹಾಕುವವರಾಗಲಿ ಹಾಕದವರಾಗಲಿ, ಹೋಗಿ ತೋರಿಸಿಕೊಳ್ಳಿ.)

ಆಪರೇಷನ್ನಿನಲ್ಲಿ ನಾಲಿಗೆಯ ಎಡ ಅರ್ಧ ತೆಗೆದರು. ಕುತ್ತಿಗೆಯಲ್ಲಿದ್ದ ಗಂಟುಗಳನ್ನೂ ತೆಗೆದರು. ಖಾಲಿಯಾದ ಜಾಗಕ್ಕೆ ಅವಳದ್ದೇ ಎಡ ಮುಂಗೈಯ ಚರ್ಮವನ್ನು ರಕ್ತನಾಳದ ಸಮೇತ ಎತ್ತಿ ತಂದು ಕೂರಿಸಿ, ಆ ನಾಳವನ್ನು ಕುತ್ತಿಗೆಯ ನಾಳಕ್ಕೆ ಜೋಡಿಸಿ ಹೊಲಿದರು. ಪೈಪಿನ ಕೆಲಸದವನಾದ ನನಗೆ ಇದನ್ನು ಕೇಳಿ ಭಯಕ್ಕಿಂತ ಆಶ್ಚರ್ಯವೇ ಜಾಸ್ತಿಯಾಯಿತು. ಕಡ್ಡಿಯಷ್ಟು ಸಣ್ಣ ನಾಳ. "ಲೀಕ್ ಆಗಲ್ವಾ ಸಾರ್?" ಅಂತ ಡಾಕ್ಟರನ್ನು ಕೇಳಿಯೇಬಿಟ್ಟೆ. "ಆಗಬಾರ್ದು ಅಂತಾನೇ ಮೈಕ್ರೋಸ್ಕೋಪ್ ಇಟ್ಕೊಂಡು ಹೊಲಿಯೋದು," ಅಂದರು. ಗಂಡಸರಿಗಾದರೆ ಮುಂಗೈ ಕೂದಲು ಬಾಯೊಳಗೂ ಬೆಳೆಯುವುದುಂಟಂತೆ!

ಮಾತು ಬಾರದ ಆ ದಿನಗಳಲ್ಲಿ ಸುಜಾತಾಳ ಕೈಯಲ್ಲೊಂದು ಸ್ಲೇಟು. (ಅವಳು ಅಂಗನವಾಡಿ ಟೀಚರ್. ಸ್ಲೇಟು ಅಲ್ಲಿಂದ ಬಂದದ್ದು.) ಒಂದು ದಿನ ಅದರಲ್ಲಿ ಬರೆದು ತೋರಿಸಿದಳು: ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರೆ. ನನಗೆ ಕೈಯೇ ಬಾಯಿಗೆ ಬಂತು.’ ನರ್ಸ್ ನಕ್ಕರು. ನಾನೂ ನಕ್ಕೆ. ಆಮೇಲೆ ವಾರ್ಡಿನಿಂದ ಆಚೆ ಹೋಗಿ ಅತ್ತುಬಿಟ್ಟೆ.

ಮನೆಗೆ ಬರುವಾಗ ಮೂಗಿನಿಂದ ಹೊಟ್ಟೆಗೆ ಇಳಿದ ಒಂದು ಟ್ಯೂಬು ಜೊತೆಗೆ ಬಂತು. ರಾಗಿ ಗಂಜಿ, ಬೇಳೆ ಕಟ್ಟು, ಹಾಲು, ಏನೇ ಆಗಲಿ ನನ್ನ ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಸಿರಿಂಜಿನಲ್ಲಿ ನಿಧಾನಕ್ಕೆ ಬಿಡಬೇಕು. ಸೋಸದಿದ್ದರೆ ಲೈನ್ ಬ್ಲಾಕ್. ಈ ಕೆಲಸ ಮಾತ್ರ ನನಗೆ ಸಲೀಸಾಗಿ ಬಂತು. ಜೀವಮಾನವಿಡೀ ಮಾಡಿರುವುದು ಅದನ್ನೇ ಅಲ್ಲವಾ?

"ಇನ್ನು ನಿಧಾನಕ್ಕೆ ಬಾಯಲ್ಲಿ ಶುರು ಮಾಡಿ," ಅಂತ ಆಸ್ಪತ್ರೆಯವರು ಹೇಳಿ ಕಳಿಸಿದ್ದರು. "ಮೆತ್ತಗಿರೋದು ಕೊಡಿ. ಅಗಿಯೋ ಅಂಥದ್ದು ಏನೂ ಬೇಡ." ಉದಾಹರಣೆಗೆ ಕಸ್ಟರ್ಡ್, ಪುಡ್ಡಿಂಗ್, ಗಟ್ಟಿ ಮೊಸರು. ನಮ್ಮ ಮನೆಯಲ್ಲಿ ಕಸ್ಟರ್ಡ್ ಯಾವತ್ತು ಮಾಡಿದ್ದೆವು ಅಂತ ಯೋಚಿಸಿದೆ. ನೆನಪಾಗಲಿಲ್ಲ.

ಸುಜಾತಾಳನ್ನು ನೋಡಿಕೊಳ್ಳಲು ಚಿಂತಾಮಣಿ ಪಕ್ಕದ ಹಳ್ಳಿಯಿಂದ ನನ್ನ ಅಕ್ಕ ನಾರಾಯಣಮ್ಮ ಬಂದಿದ್ದಳು. ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ಅಧಿಕಾರ.

"ಅಗಿಯೋದು ಬೇಡ ಅಂದ್ರೇನೋ ಡಾಕ್ಟ್ರು?"

"ಹೂಂ ಕಣಕ್ಕ."

"ಮತ್ತೆ ಮುದ್ದೇನ ಯಾರಾದ್ರೂ ಅಗೀತಾರೇನೋ?"

ಈ ಲಾಜಿಕ್ಕಿಗೆ ಎದುರುತ್ತರ ಎಲ್ಲಿದೆ? ನಮ್ಮ ಕಡೆ ಮುದ್ದೆ ಅಗಿಯುವವನು ಸಿಕ್ಕಿದರೆ ಅವನು ಹೊರಗಿನವನು ಅಂತ ಕಣ್ಣುಮುಚ್ಚಿ ಹೇಳಬಹುದು. ಹಲ್ಲು ಬಾರದ ಕೂಸಿಗೂ ಮುದ್ದೆ, ಹಲ್ಲು ಬಿದ್ದ ಅಜ್ಜಿಗೂ ಮುದ್ದೆ. ಪಾಪ, ಬೆಂಗಳೂರಿನ ಡಾಕ್ಟರಿಗೆ ಮುದ್ದೆ ನೆನಪಾಗಿಲ್ಲ ಅಷ್ಟೇ ಅಂತ ನನಗೂ ಅನ್ನಿಸಿತು. ಸುಜಾತಾಳ ಮುಖ ನೋಡಬೇಕಿತ್ತು! ಎಷ್ಟೋ ದಿನಗಳ ಮೇಲೆ ಕಣ್ಣು ಹೊಳೆಯಿತು.

ಅಕ್ಕ ಮೆತ್ತಗೆ ತೊಳಸಿ, ಒಂದು ಗಂಟೂ ಇಲ್ಲದ ಹಾಗೆ ಮುದ್ದೆ ಕಟ್ಟಿದಳು. ಖಾರ ಇಲ್ಲದ ಹುರುಳಿಕಾಳು ಸಾರು ಮಾಡಿದಳು. ಸುಜಾತಾ ನೆಲ್ಲಿಕಾಯಿ ಗಾತ್ರದ ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ ಬಾಯಿಗಿಟ್ಟುಕೊಂಡಳು.

ಅದು ಒಳಗೂ ಇಳಿಯಲಿಲ್ಲ, ಹೊರಗೂ ಬರಲಿಲ್ಲ. ಅವಳ ಕಣ್ಣು ದೊಡ್ಡದಾಯಿತು. ಕೈ ಗಂಟಲಿಗೆ ಹೋಯಿತು. ಸದ್ದಿಲ್ಲ. ಕೆಮ್ಮಿದ್ದರಾದರೂ ಧೈರ್ಯ ಬರುತ್ತಿತ್ತು, ಕೆಮ್ಮೂ ಇಲ್ಲ. ನಾನು ಕೈಕಾಲು ಆಡದೆ ನಿಂತೆ. ಅಕ್ಕನೇ ಅವಳನ್ನು ಮುಂದಕ್ಕೆ ಬಗ್ಗಿಸಿ, "ದೇವುಡಾ, ದೇವುಡಾ" ಅನ್ನುತ್ತಾ ಬೆನ್ನಿಗೆ ಬಲವಾಗಿ ಬಡಿದಳು. ತುತ್ತು ಹೊರಗೆ ಬಿತ್ತು, ಉಸಿರು ಬಂತು.

ಆಮೇಲೆ ಅಕ್ಕ ಆ ತಟ್ಟೆಯನ್ನು ಹಿತ್ತಲಿಗೆ ಒಯ್ದು ಎಷ್ಟೋ ಹೊತ್ತು ತೊಳೆದಳು. ಮಾರನೇ ದಿನ ಊರಲ್ಲಿ ಕೆಲಸವಿದೆ ಅಂತ ಹೊರಟುಹೋದಳು.

ಸುಜಾತಾ ಅವತ್ತು ಬಾಯಿ ಮುಚ್ಚಿದವಳು ಮತ್ತೆ ತೆರೆಯಲಿಲ್ಲ. ಮುದ್ದೆ ಹಾಳಾಗಲಿ, ಒಂದು ತೊಟ್ಟು ನೀರಿಗೂ ಒಪ್ಪಲಿಲ್ಲ. ಬಾಯಲ್ಲಿ ಊರಿದ ಎಂಜಲನ್ನೂ ನುಂಗದೆ ಟವೆಲಿಗೆ ಒರೆಸಿಕೊಳ್ಳುತ್ತಿದ್ದಳು. ಚೆಕಪ್ಪಿಗೆ ಹೋದಾಗ ಡಾಕ್ಟರು ನೇರವಾಗಿ ಹೇಳಿದರು. "ಮೂಗಿನ ಟ್ಯೂಬ್ ತುಂಬಾ ದಿನ ಇಡೋ ಹಾಗಿಲ್ಲ. ಇನ್ನೇನು ರೇಡಿಯೇಶನ್ ಶುರುವಾಗುತ್ತೆ, ಆಗ ನುಂಗೋದು ಇನ್ನೂ ಕಷ್ಟ. ಅಷ್ಟರಲ್ಲಿ ಇವರು ನುಂಗಲಿಲ್ಲ ಅಂದ್ರೆ ಹೊಟ್ಟೆಗೇ ತೂತು ಮಾಡಿ ಟ್ಯೂಬ್ ಹಾಕ್ಬೇಕಾಗುತ್ತೆ." ಎಷ್ಟೋ ಜನರನ್ನು ಆ ಟ್ಯೂಬೇ ಉಳಿಸಿದೆ, ಅದಕ್ಕೆ ಹೆದರಬೇಕಾಗಿಲ್ಲ ಅಂತಲೂ ಹೇಳಿದರು. ಸುಜಾತಾ ಸ್ಲೇಟಿನ ತುಂಬಾ ದೊಡ್ಡದಾಗಿ ಬರೆದಳು: ‘ಬೇಡ’.

ನುಂಗುವುದನ್ನು ಕಲಿಸುವುದಕ್ಕೂ ಟೀಚರ್ ಇರುತ್ತಾರೆ ಅಂತ ನಿಮಗೆ ಗೊತ್ತಿತ್ತಾ? ನನಗಂತೂ ಗೊತ್ತಿರಲಿಲ್ಲ. ಮಾತು ಕಲಿಸುವ ಥೆರಪಿಸ್ಟೇ ನುಂಗುವುದನ್ನೂ ಕಲಿಸುತ್ತಾರೆ. ನಮಗೆ ಸಿಕ್ಕ ಹುಡುಗಿ ಧಾರವಾಡದ ಕಡೆಯವಳು. ಮಗಳ ವಯಸ್ಸಿನವಳು. ರೊಟ್ಟಿ ಅಗಿದು ಬೆಳೆದವಳು.

"ಏನ್ ತಿನ್ನಿಸಿದ್ರಿ?"

"ಮುದ್ದೆ ಮೇಡಂ."

"ಅಗದ್ ತಿಂದ್ರೇನು?"

"ಮುದ್ದೆ ಅಗಿಯಲ್ಲ ಮೇಡಂ, ನುಂಗೋದು."

"ಅಲ್ರೀ, ಸೀದಾ ನುಂಗೂದಾ? ಹೆಂಗ್ರೀ?"

"ಹೇಗೆ ಅಂದ್ರೆ... ಹಾಗೇ. ನುಂಗೋದು."

"ತೋರಸ್ರಿ ನೋಡೂಣು."

ಅಷ್ಟು ಜನ ರೋಗಿಗಳ ಎದುರಿಗೆ, ಈ ವಯಸ್ಸಿನಲ್ಲಿ, ಇಲ್ಲದ ಮುದ್ದೆಯಿಂದ ಇಲ್ಲದ ತುತ್ತು ಮುರಿದು, ಇಲ್ಲದ ಸಾರಿನಲ್ಲಿ ಅದ್ದಿ ನುಂಗಿ ತೋರಿಸಿದೆ. "ಈಗ ನಿಮ್ಮ ನಾಲಿಗಿ ಏನ್ ಮಾಡ್ತು ಹೇಳ್ರಿ," ಅಂದಳು. ನಾಲಿಗೆ ಏನು ಮಾಡಿತು? ಹುಟ್ಟಿದಾಗಿನಿಂದ ನುಂಗುತ್ತಿದ್ದೇನೆ, ಒಂದು ದಿನವೂ ವಿಚಾರಿಸಿಕೊಂಡಿರಲಿಲ್ಲ. "ಗೊತ್ತಿಲ್ಲ" ಅಂದೆ. "ಮುಂದಿನ ಸಲಾ ನೋಡ್ಕೊಂಡ್ ಬಂದು ಹೇಳ್ರಿ," ಅಂತ ನನಗೇ ಹೋಮ್‌ವರ್ಕ್ ಕೊಟ್ಟಳು.

ಅವಳು ಬಿಡಿಸಿ ತೋರಿಸಿದ ಗಂಟಲಿನ ಚಿತ್ರ ನೋಡಿ ನನಗೆ ನಿದ್ದೆಯೇ ಹಾರಿಹೋಗುವುದೊಂದು ಬಾಕಿ. ಗಂಟಲಲ್ಲಿ ಎರಡು ಪೈಪು. ಒಂದು ಗಾಳಿಗೆ, ಒಂದು ಅನ್ನಕ್ಕೆ. ಎರಡರ ಬಾಯಿಯೂ ಪಕ್ಕಪಕ್ಕದಲ್ಲೇ, ಎರಡಕ್ಕೂ ಒಂದೇ ದಾರಿ. ತುತ್ತು ಬಂದ ಕ್ಷಣಕ್ಕೆ ಸರಿಯಾಗಿ ಗಾಳಿ ಪೈಪಿನ ಮೇಲೆ ಮುಚ್ಚಳ ಬೀಳಬೇಕು, ತುತ್ತು ದಾಟಿದ ತಕ್ಷಣ ತೆರೆದುಕೊಳ್ಳಬೇಕು. ಯಾವ ಇಂಜಿನಿಯರ್ ಈ ಡ್ರಾಯಿಂಗಿಗೆ ಸಹಿ ಹಾಕಿದ? ನಮ್ಮ ಫ್ಯಾಕ್ಟರಿಯಲ್ಲಿ ಹೀಗೆ ಲೈನ್ ಎಳೆದರೆ ಸೇಫ್ಟಿಯವರು ಗೇಟಿನಿಂದಾಚೆ ಕಳಿಸುತ್ತಾರೆ. ಆದರೂ ಪ್ರಪಂಚದ ಜನರೆಲ್ಲ ಈ ಲೈನಿನಲ್ಲೇ ದಿನಾ ಉಂಡು, ಮಾತಾಡಿ, ಮಲಗುತ್ತಿದ್ದಾರೆ!

ಸರಿ, ಹೋಮ್‌ವರ್ಕ್ ಮಾಡಬೇಕಲ್ಲ. ಮೊದಲು ಕನ್ನಡಿ ಮುಂದೆ ನಿಂತು ನುಂಗಿದೆ. ನಮ್ಮನ್ನು ನಾವು ನೋಡಿಕೊಂಡು ನುಂಗುವುದು ಕಷ್ಟ, ನಗು ಬರುತ್ತದೆ. ಆಮೇಲೆ ಕ್ಯಾಂಟೀನಿನಲ್ಲಿ ಜೊತೆಯವರನ್ನು ನೋಡಿದೆ. ಅವರದ್ದು ಅನ್ನ, ಅಗಿದುಬಿಡುತ್ತಾರೆ. ಕೊನೆಗೆ ಬಸ್ ಸ್ಟ್ಯಾಂಡಿನ ಮುದ್ದೆ ಹೋಟೆಲು. ಅಲ್ಲಿ ಏನಾಯಿತು ಅಂತ ಆಗಲೇ ಹೇಳಿದೆ.

ಬೈಸಿಕೊಂಡರೂ ನಷ್ಟವಾಗಲಿಲ್ಲ. ಎರಡು ಸಂಗತಿ ಕಂಡವು. ಎಂಥಾ ವಾಚಾಳಿಯಾದರೂ ಮುದ್ದೆಯ ತುತ್ತು ಬಾಯಿಗೆ ಬಿದ್ದ ಮೇಲೆ ಅರೆಕ್ಷಣ ಗಪ್‌ಚಿಪ್. ಮಾತಷ್ಟೇ ಅಲ್ಲ, ಉಸಿರೂ ನಿಲ್ಲುತ್ತದೆ. ಇನ್ನೊಂದು, ಆ ಹೊತ್ತಿನಲ್ಲಿ ಕೆನ್ನೆ ಅಲ್ಲಾಡುವುದಿಲ್ಲ, ದವಡೆ ಅಲ್ಲಾಡುವುದಿಲ್ಲ. ಹಾಗಾದರೆ ತುತ್ತನ್ನು ಹಿಂದಕ್ಕೆ ತಳ್ಳುವುದು ಯಾರು?

"ಅದನ್ನ ನಾ ಕೇಳಿದ್ದು," ಅಂದಳು ಥೆರಪಿಸ್ಟ್. "ಅಗಿಯೂದಿಲ್ಲ ಅಂದ್ರ ಹಲ್ಲಿಗೆ ಕೆಲಸಿಲ್ಲ, ಖರೆ. ಆದ್ರ ಆ ಉಂಡಿ ದೂಡೂದು ಯಾರ್ರೀ? ನಾಲಿಗಿ. ಪೂರಾ ಕೆಲಸ ಅದರದ. ಹಲ್ಲಿಲ್ಲದವರಿಗೆ ಮುದ್ದಿ ಚಲೋ. ಇವ್ರಿಗೆ ಹಲ್ಲದಾವು, ನಾಲಿಗಿ ಅರ್ಧ ಇಲ್ಲ."

ತಲೆಯ ಮೇಲೆ ಯಾರೋ ಮೊಟಕಿದ ಹಾಗಾಯಿತು. ಊರಿಗೆಲ್ಲ ಸುಲಭದ ಊಟ ಅಂತ ನಾವು ಹೆಮ್ಮೆಪಡುವುದು ಅರ್ಧ ನಾಲಿಗೆಯವರಿಗೆ ಎಲ್ಲಕ್ಕಿಂತ ಕಷ್ಟದ್ದು. ಇಷ್ಟು ತಲೆಮಾರು ಮುದ್ದೆ ನುಂಗಿದ ನಮಗೆ ಇದು ಹೊಳೆಯಲಿಲ್ಲ. ಯಾಕೆ ಹೊಳೆಯುತ್ತದೆ? ದಿನಾ ಮಾಡುವ ಕೆಲಸದ ಬಗ್ಗೆ ಯೋಚಿಸುವವರು ಯಾರು?

ಇನ್ನೊಂದು ಮಾತು ಕೇಳಿ. ‘ನೀರು ಕುಡಿದಷ್ಟು ಸುಲಭ’ ಅನ್ನುತ್ತೇವಲ್ಲ, ಅದೂ ಸುಳ್ಳು! ನುಂಗಲು ಕಷ್ಟವಿರುವವರಿಗೆ ನೀರೇ ದೊಡ್ಡ ಶತ್ರು. ಮುಚ್ಚಳ ಬೀಳುವ ಮೊದಲೇ ಜಾರಿ ಗಾಳಿ ಪೈಪಿಗೆ ನುಗ್ಗುತ್ತದೆ. ಮುದ್ದೆಯಷ್ಟು ಗಟ್ಟಿಯೂ ಬೇಡ, ನೀರಿನಷ್ಟು ತೆಳ್ಳಗೂ ಬೇಡ. ದೋಸೆ ಹಿಟ್ಟಿನ ಹದ. ಚಮಚ ಎತ್ತಿದರೆ ಧಾರೆಯಾಗಿ ಹರಿಯಬಾರದು, ನಿಧಾನಕ್ಕೆ ತೊಟ್ಟಿಕ್ಕಬೇಕು. ಅಂದರೆ ರಾಗಿಯೇ ಬಂತು, ಆದರೆ ಗಟ್ಟಿ ಅಂಬಲಿಯಾಗಿ.

ಪಾಠ ಶುರುವಾಯಿತು. ತಲೆಯನ್ನು ಬಲಕ್ಕೆ ವಾಲಿಸು, ತುತ್ತು ನಾಲಿಗೆಯ ಒಳ್ಳೆಯ ಪಕ್ಕಕ್ಕೆ ಬರಲಿ. ಉಸಿರು ಹಿಡಿ. ನುಂಗು. ಉಸಿರೆಳೆಯುವ ಮೊದಲೇ ಕೆಮ್ಮು. ಮತ್ತೆ ನುಂಗು. (ಇದು ನಮ್ಮವಳಿಗೆ ಹೇಳಿಕೊಟ್ಟ ಪಾಠ. ಓದಿಕೊಂಡು ಮನೆಯಲ್ಲಿ ಯಾರ ಮೇಲೂ ಪ್ರಯೋಗ ಮಾಡಬೇಡಿ.) ಸುಜಾತಾ ಗೋಡೆಗೆ ಒರಗಿ, ತುಟಿ ಬಿಗಿದುಕೊಂಡು ಕೂತಿದ್ದಳು. ಚಮಚ ಹತ್ತಿರ ಬಂದರೆ ಮುಖ ತಿರುಗಿಸುತ್ತಿದ್ದಳು.

"ಆ ಮಾಡ್ರಿ ಅಕ್ಕಾ," ಅಂದಳು ಹುಡುಗಿ. "ಆ... ಒಂದ ಒಂದು... ಶಾಣ್ಯಾ ಅಲ್ಲೇನು ನೀವು?"

ಸುಜಾತಾಳಿಗೆ ಫಕ್ಕನೆ ನಗು ಬಂತು. ದಿನಾ ಮಧ್ಯಾಹ್ನ ಅಂಗನವಾಡಿಯಲ್ಲಿ ಮೊಂಡು ಹಿಡಿದ ಮಕ್ಕಳ ಮುಂದೆ ಅವಳು ಹಾಡುವ ರಾಗವೇ ಅದು. ನಗುತ್ತಾ ಬಾಯಿ ತೆರೆದಳು. ಚಮಚ ಒಳಗೆ ಹೋಯಿತು. ನಾನು ಅವಳ ಕುತ್ತಿಗೆ ನೋಡಿದೆ. ಹೊಲಿಗೆಯ ಗೆರೆ ಮೇಲಕ್ಕೆ ಸರಿಯಿತು, ನಿಂತಿತು, ಕೆಳಗೆ ಬಂತು. ಕೆಮ್ಮು. ಮತ್ತೊಮ್ಮೆ ಮೇಲೆ, ಕೆಳಗೆ. ನನ್ನ ಸರ್ವೀಸಿನಲ್ಲಿ ಎಷ್ಟೋ ಪಂಪು ಸ್ಟಾರ್ಟ್ ಮಾಡಿಸಿದ್ದೇನೆ. ಇಷ್ಟು ಖುಷಿ ಯಾವುದೂ ಕೊಟ್ಟಿರಲಿಲ್ಲ.

ಮೂಗಿನ ಟ್ಯೂಬು ಹೋಯಿತು. ರೇಡಿಯೇಶನ್ನಿನಲ್ಲಿ ಬಾಯೆಲ್ಲ ಬೆಂದುಹೋಯಿತು. ಎಂಜಲು ಒಣಗಿತು, ಏನು ಬಾಯಿಗಿಟ್ಟರೂ ಮಣ್ಣು ತಿಂದ ಹಾಗೆ. ಆದರೂ ಅವಳು ನುಂಗುವುದು ಬಿಡಲಿಲ್ಲ. ಹೊಟ್ಟೆಗೆ ತೂತು ಬೀಳಲಿಲ್ಲ. ಈಗಿನ ಚೆಕಪ್ಪುಗಳಲ್ಲಿ ಡಾಕ್ಟರು ಸಮಾಧಾನದ ಮುಖ ಮಾಡುತ್ತಾರೆ. ಕಥೆ ಇಲ್ಲಿಗೆ ಸುಖಾಂತ್ಯ ಅಂದುಕೊಂಡಿದ್ದೆ.

ಅಲ್ಲ. ಅವಳು ಅಡುಗೆಮನೆ ಬಾಗಿಲು ಹಾಕಿಕೊಂಡು ಉಣ್ಣಲು ಶುರು ಮಾಡಿದಳು. ಮೊದಮೊದಲು ನಾನು ಗಮನಿಸಲಿಲ್ಲ. ಒಂದು ದಿನ ಕೆಟ್ಟ ಕುತೂಹಲ, ಬಾಗಿಲು ತಳ್ಳಿದೆ. ಗೋಡೆಗೆ ಮುಖ ಮಾಡಿ ಕೂತಿದ್ದಳು. ಎಡ ತುಟಿಗೆ ಸ್ಪರ್ಶ ಗೊತ್ತಾಗುವುದಿಲ್ಲ, ಅಲ್ಲಿಂದ ಅಂಬಲಿ ಗಲ್ಲಕ್ಕೆ ಇಳಿದಿತ್ತು. ಸೆರಗಿನಿಂದ ಒರೆಸಿಕೊಂಡು ಬಟ್ಟಲನ್ನು ಆ ಕಡೆ ಸರಿಸಿದಳು.

"ಎಲ್ಲಾ ನೋಡಿದ್ದೀರಿ. ಡ್ರೆಸ್ಸಿಂಗ್ ನೋಡಿದ್ದೀರಿ, ಟ್ಯೂಬ್ ನೋಡಿದ್ದೀರಿ. ಉಣ್ಣೋದೊಂದು ನೋಡ್ಬೇಡಿ," ಅಂದಳು.

ನನಗೆ ನಿಜಕ್ಕೂ ನೋವಾಯಿತು. ಊಟ ಅಂದರೆ ಬರೀ ಹೊಟ್ಟೆಗೆ ಇಳಿಸುವುದಾ? ಹಾಗಿದ್ದರೆ ಟ್ಯೂಬಿನಲ್ಲಿ ನಾನೇ ಚೆನ್ನಾಗಿ ಇಳಿಸುತ್ತಿದ್ದೆನಲ್ಲ! ಅಂಗನವಾಡಿಗೆ ವಾಪಸ್ ಹೋಗುವ ದಿನ ಹತ್ತಿರ ಬರುತ್ತಿತ್ತು. ಅಲ್ಲಿ ಮಕ್ಕಳ ಜೊತೆ ಕೂತು ಉಣ್ಣಬೇಕು. "ರಜಾ ಮುಂದುವರಿಸಣ," ಅನ್ನತೊಡಗಿದಳು. ನುಂಗಲು ಕಲಿತವಳು ಇನ್ನು ಜನರ ಮಧ್ಯೆ ಕೂತು ಉಣ್ಣುವುದೇ ಇಲ್ಲವಾ? ಇದಕ್ಕೆ ಯಾವ ಥೆರಪಿಸ್ಟ್ ಹತ್ತಿರ ಹೋಗುವುದು?

ಅಷ್ಟರಲ್ಲಿ ಅಕ್ಕನ ಮೊಮ್ಮಗಳ ಮದುವೆಯಾಗಿ ಬೀಗರೂಟ ಬಂತು. ಹೋದ ವಾರ, ಶಿಡ್ಲಘಟ್ಟದ ಛತ್ರದಲ್ಲಿ.

"ಹೋಗಿ ಮುಖ ತೋರಿಸಿ, ಊಟ ಮಾಡದೆ ಬಂದ್ಬಿಡಣ," ಅಂದೆ.

"ಬೀಗರೂಟಕ್ಕೆ ಹೋಗಿ ಊಟ ಮಾಡ್ದೆ ಬರ್ತಾರೇನ್ರೀ ಯಾರಾದ್ರೂ? ಜಗಳ ಆಡ್ಕೊಂಡು ಬಂದಂಗಾಗುತ್ತೆ."

ಅದೂ ನಿಜ. ಉಣ್ಣಲು ಕೂತರೆ ಇನ್ನೊಂದು ತಾಪತ್ರಯ. ಪಂಕ್ತಿಯಲ್ಲಿ ಕೊನೆಯವರು ಮುಗಿಸುವವರೆಗೆ ಯಾರೂ ಏಳಬಾರದು ಅನ್ನುವುದು ಹಳೇ ರೂಢಿ. ಕೂತವರು ಮಜ್ಜಿಗೆಗೆ ಬರುವ ಮೊದಲೇ ಮುಂದಿನ ಪಂಕ್ತಿಯವರು ಬಂದು ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುವುದು ಹೊಸ ರೂಢಿ. ಒಂದು ಲೋಟ ಅಂಬಲಿಗೆ ಗಂಟೆ ಹಿಡಿಯುವವರು ಈ ಎರಡರ ಮಧ್ಯೆ ಎಲ್ಲಿ ಕೂರಬೇಕು?

ಅಕ್ಕ ಫೋನ್ ಮಾಡಿದಳು. ಆ ಮುದ್ದೆಯ ದಿನದಿಂದ ಅವಳು ನಮ್ಮ ಮನೆಗೆ ಕಾಲಿಟ್ಟಿರಲಿಲ್ಲ. "ನುವ್ವು ರಾ ತಲ್ಲಿ. ನೀನು ಬಂದ್ರೆ ಸಾಕು, ನನ್ನ ಪಕ್ಕ ಕೂತ್ಕೊ," ಅಂದಳಂತೆ. ಸುಜಾತಾ ಫೋನಿಟ್ಟು, "ಅತ್ತಿಗೆ ಇನ್ನೂ ಅದನ್ನೇ ಮನಸ್ಸಲ್ಲಿಟ್ಕೊಂಡು ಕೊರಗ್ತಿದ್ದಾರೆ. ಹೋಗಣ ನಡೀರಿ," ಅಂದಳು.

ಛತ್ರದಲ್ಲಿ ಅಕ್ಕ ಅಡುಗೆಯವರ ತಲೆ ತಿಂದು ಎಲ್ಲ ತಯಾರು ಮಾಡಿಸಿದ್ದಳು. ಖಾರ ಹಾಕುವ ಮೊದಲೇ ತೆಗೆದಿಟ್ಟ ಮೂಳೆ ರಸ, ಅದನ್ನು ಸೋಸಿ, ಅದರಲ್ಲಿ ಅರ್ಧ ಮುದ್ದೆ ಕಿವುಚಿ ದೋಸೆ ಹಿಟ್ಟಿನ ಹದಕ್ಕೆ ತಂದು, ಒಂದು ಬಟ್ಟಲಲ್ಲಿ ಹಾಕಿ ಸುಜಾತಾಳ ಎಲೆಯ ಮೇಲಿಟ್ಟಳು. "ಚಮಚ ಎತ್ತಿ ನೋಡಿದ್ದೀನಿ. ತೊಟ್ಟಿಕ್ತದೆ," ಅಂದಳು. ಯಾರನ್ನು ಕೇಳಿ ತಿಳಿದುಕೊಂಡಳೋ ನನಗೆ ಗೊತ್ತಿಲ್ಲ.

ಸುಜಾತಾಳ ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ನಾನು. ಎಲ್ಲರಿಗೂ ಮುದ್ದೆ ಬಂತು, ಮಟನ್ ಸಾರು ಬಂತು, ಅನ್ನ ಬಂತು. ಸುಜಾತಾ ತಲೆ ವಾಲಿಸಿ, ಉಸಿರು ಹಿಡಿದು, ನುಂಗಿ, ಕೆಮ್ಮಿದಳು. ಎದುರಿಗೆ ಕೂತಿದ್ದ ಗಂಡಿನ ಕಡೆಯ ಹೆಂಗಸು ಗಾಬರಿಯಾಗಿ ನೀರಿನ ಲೋಟ ಮುಂದಕ್ಕೆ ತಳ್ಳಿದರು. "ನೀರು ಕುಡೀರಮ್ಮಾ, ನೀರು!"

"ನೀರು ಬ್ಯಾಡಮ್ಮಾ ಅವ್ಳಿಗೆ," ಅಂದಳು ಅಕ್ಕ. "ಕೆಮ್ಕೊಂಡೇ ಉಣ್ಬೇಕು. ನೀನು ನಿನ್ನ ಪಾಡಿಗೆ ಉಣ್ಣು."

ಮಜ್ಜಿಗೆಯೂ ಬಂತು. ಬಟ್ಟಲಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚಿತ್ತು. ಪಂಕ್ತಿಯ ಎಲೆಗಳು ಒಂದೊಂದಾಗಿ ಮಡಚಿಕೊಂಡವು. ಎಲ್ಲರೂ ಒಣಗಿದ ಕೈ ಎತ್ತಿ ಹಿಡಿದುಕೊಂಡು ಆಚೆ ಈಚೆ ನೋಡತೊಡಗಿದರು. ಬೆನ್ನ ಹಿಂದೆ ಜನ ಜಮಾಯಿಸಿದರು. ಯಾರೋ ನನ್ನ ಕುರ್ಚಿ ಅಲ್ಲಾಡಿಸಿದರು. "ಇನ್ನೂ ಆಗ್ಲಿಲ್ವಾ ಇವರ್ದು?" ಅಂತೊಂದು ದನಿ ಬಂತು. ದೊಡ್ಡದಾಗೇ ಬಂತು.

ಸುಜಾತಾ ಚಮಚ ಕೆಳಗಿಟ್ಟಳು. ಟೇಬಲ್ ಕೆಳಗೆ ನನ್ನ ಮಣಿಕಟ್ಟು ಹಿಡಿದು, "ಏಳಣ," ಅಂದಳು. ಈಗ ಎದ್ದರೆ ಇವಳು ಇನ್ಯಾವತ್ತೂ ಯಾರ ಪಂಕ್ತಿಯಲ್ಲೂ ಕೂರುವುದಿಲ್ಲ ಅಂತ ನನಗೆ ಖಚಿತವಾಗಿ ಗೊತ್ತಿತ್ತು.

"ಏಯ್, ಇಲ್ಲಿ ಮುದ್ದೆ ತಗೊಂಡ್ ಬಾರಪ್ಪಾ!" ಅಕ್ಕ ಕೂಗಿದಳು.

ಬಡಿಸುವವನು ಬಂದು ನೋಡಿದ. "ಅಜ್ಜೀ, ಮಜ್ಜಿಗೆ ಆಗಿ ಎಲೆ ಮಡಚಿದ್ದೀಯಲ್ಲಾ?"

"ಮಡಚಿದ್ರೇನು, ತೆಗೀತೀನಿ. ಮತ್ತೆ ಹಸಿವಾಯ್ತು. ಹಾಕು," ಅಂತ ಎಲೆ ಬಿಡಿಸಿದಳು ಅಕ್ಕ. ಶುಗರ್ ಇದೆ, ಬಿಪಿ ಇದೆ, ಆಗಲೇ ಒಂದು ಮುದ್ದೆ ಉಂಡಾಗಿದೆ. ನಾಚಿಕೆಯಿಲ್ಲದೆ ತುತ್ತು ಮುರಿದಳು.

ಎದುರಿನ ಹೆಂಗಸು ಅಕ್ಕನನ್ನು ನೋಡಿದರು, ಸುಜಾತಾಳ ಬಟ್ಟಲು ನೋಡಿದರು. ಅರ್ಥವಾಯಿತೆಂದು ಕಾಣುತ್ತದೆ. ತಮ್ಮ ಎಲೆಯನ್ನೂ ಬಿಡಿಸಿ, "ನಂಗೂ ಅರ್ಧ ಹಾಕಪ್ಪಾ, ಸಾರು ಚೆನ್ನಾಗದೆ," ಅಂದರು. ಅವರ ಪಕ್ಕದವರು ಅನ್ನ ಕೇಳಿದರು. ಅದರಾಚೆ ಒಬ್ಬರು ಮಜ್ಜಿಗೆ. ಇಬ್ಬರು ಎದ್ದು ಕೈ ತೊಳೆಯಲು ಹೋದರು, ಸುಳ್ಳು ಯಾಕೆ ಹೇಳಲಿ. ಉಳಿದ ಪಂಕ್ತಿ ಇನ್ನೊಂದು ಸುತ್ತು ಊಟಕ್ಕೆ ಕೂತಿತು. ಟೊಮೊಟೊ ರೇಟು, ಯಾರದೋ ಬೋರ್‌ವೆಲ್ಲು, ಮದುಮಗನ ಮೀಸೆ, ಮಾತು ಎಲ್ಲೆಲ್ಲೋ ಹೋಯಿತು. ಸುಜಾತಾಳ ಕಡೆ ಒಬ್ಬರೂ ನೋಡಲಿಲ್ಲ.

ನನ್ನ ಎಲೆಗೂ ಅರ್ಧ ಮುದ್ದೆ ಬಿತ್ತು. ತುತ್ತು ಬಾಯಿಗಿಟ್ಟೆ. ಇಳಿಯಲಿಲ್ಲ. ನನ್ನ ಪೂರ್ತಿ ನಾಲಿಗೆ, ಎರಡು ಪೈಪು, ಮುಚ್ಚಳ ಎಲ್ಲ ಸರಿಯಾಗೇ ಇದ್ದವು. ಸುಜಾತಾ ಓರೆಗಣ್ಣಲ್ಲಿ ನೋಡಿ, "ತಲೆ ಬಲಕ್ಕೆ ವಾಲಿಸ್ರಿ," ಅಂದಳು.

ಅವಳು ಬಟ್ಟಲು ಖಾಲಿ ಮಾಡಿಯೇ ಎದ್ದಳು. ಅಕ್ಕ ಏಳಲು ಇಬ್ಬರು ಕೈ ಹಿಡಿಯಬೇಕಾಯಿತು.

ಕೈ ತೊಳೆಯುವ ಕಡೆ ಸುಜಾತಾಳ ಪರಿಚಯದವರೊಬ್ಬರು ಸಿಕ್ಕರು. ಅವಸರದಲ್ಲಿದ್ದರು. "ಏನ್ ಟೀಚರ್, ಊಟ ಆಯ್ತಾ?" ಅಂದವರೇ ಉತ್ತರಕ್ಕೂ ಕಾಯದೆ ಖಾಲಿ ಕುರ್ಚಿ ಹಿಡಿಯಲು ಓಡಿದರು. ಅವರ ಬೆನ್ನಿಗೆ ಸುಜಾತಾ ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು. "ಆಯ್ತು." ಸೋಮವಾರದಿಂದ ಅಂಗನವಾಡಿಗೆ ಹೋಗುತ್ತಿದ್ದಾಳೆ.

ನಮ್ಮ ಕಡೆ ಎದುರಿಗೆ ಸಿಕ್ಕವರನ್ನೆಲ್ಲ ‘ಊಟ ಆಯ್ತಾ?’ ಅಂತ ಕೇಳುತ್ತೇವಲ್ಲ, ‘ಇನ್ನೂ ಮಾಡ್ತಾ ಇದ್ದೀನಿ’ ಅಂದರೆ, ಜೊತೆಗೆ ಕೂರಲು ನಮ್ಮಲ್ಲಿ ಎಷ್ಟು ಜನಕ್ಕೆ ಪುರುಸೊತ್ತಿದೆ?